ಹದಿನಾಲ್ಕನೇ ಪಾಠದ ಮೂರನೇ ಪ್ಯಾರಾ

ವಾರಿಯರ್ ಸಾರ್‌ಗೆ ಕನ್ನಡದಲ್ಲಿ ಗೊತ್ತಿದ್ದದ್ದು ಹತ್ತೇ ಅಕ್ಷರ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು. ಅವನ್ನೂ ನಾನೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಅವರು ಅದನ್ನು ಮೇಜಿನ ಗಾಜಿನಡಿಗೆ ಸೇರಿಸಿಟ್ಟುಕೊಂಡಿದ್ದರು. ಅಷ್ಟು ಬಂಡವಾಳದಲ್ಲಿ ಅವರು ಕನ್ನಡ ಪಠ್ಯಪುಸ್ತಕಗಳನ್ನು ಪರಿಶೀಲಿಸಿ ರುಜು ಹಾಕುವ ಅಧಿಕಾರಿ.

ನಗಬೇಡಿ. ಐವತ್ತೆಂಟನೇ ಇಸವಿಯ ಆರಂಭದಲ್ಲಿ ತಿರುವನಂತಪುರದ ಆ ಕಚೇರಿಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿ ಒಂದೂಕಾಲು ವರ್ಷವಾಗಿತ್ತು. ಸೇರಿಸಿದ್ದಕ್ಕೆ ನಮ್ಮವರಿಗೆ ಎಷ್ಟು ಹೊಟ್ಟೆ ಉರಿದಿತ್ತೆಂಬುದು ಬೇರೆ ಮಾತು. ಕನ್ನಡ ಶಾಲೆಯ ಮಕ್ಕಳಿಗೆ ಪುಸ್ತಕವಂತೂ ಬೇಕಲ್ಲ? ಏಳನೇ ತರಗತಿಯ ಚರಿತ್ರೆ ಪುಸ್ತಕವನ್ನು ಮಲಯಾಳದಿಂದ ಕನ್ನಡಕ್ಕೆ ತಿರುಗಿಸಲು ತಾತ್ಕಾಲಿಕವಾಗಿ ಒಬ್ಬರು ಬೇಕೆಂದು ಪೇಪರಿನಲ್ಲಿ ನೋಡಿ ಅರ್ಜಿ ಹಾಕಿದೆ. ಸೌದಾಮಿನಿ, ವಯಸ್ಸು ಮೂವತ್ತನಾಲ್ಕು, ಅವಿವಾಹಿತೆ, ಟ್ರೈನಿಂಗ್ ಆದ ಟೀಚರು, ಎರಡೂ ಭಾಷೆ ಬಲ್ಲವಳು. ಬಾಯಿ ಸ್ವಲ್ಪ ಜೋರು ಎಂಬುದನ್ನು ಅರ್ಜಿಯಲ್ಲಿ ಬರೆಯಲಿಲ್ಲ.

ವಾರಿಯರ್ ಸಾರ್ ಪರಿಶೀಲಿಸುವ ಕ್ರಮ ನೋಡುವಂಥದ್ದು. ಎಡಗಡೆ ಮಲಯಾಳದ ಪ್ರತಿ, ಬಲಗಡೆ ನನ್ನ ಕನ್ನಡದ್ದು. ಮೊದಲು ಪ್ಯಾರಾ ಎಣಿಸುವುದು. ಅಲ್ಲಿ ಆರಿದ್ದರೆ ಇಲ್ಲಿಯೂ ಆರು. ಆಮೇಲೆ ಇಸವಿಗಳು. ಚೀಟಿ ನೋಡುವುದು, ಇಸವಿ ನೋಡುವುದು, ಪೆನ್ಸಿಲಿನಲ್ಲಿ ಗುರುತು ಹಾಕುವುದು. ಪ್ಯಾರಾ ಸರಿ, ಅಂಕಿ ಸರಿ ಎಂದರೆ ಪುಟ ಸರಿ. ಒಂದು ದಿನ ನಾನು ತಡೆಯಲಾರದೆ ಹೇಳಿಯೇಬಿಟ್ಟೆ: “ಸಾರ್, ಪರಂಗಿಯವರು ಹಡಗಿನಿಂದ ಇಳಿದವರೇ ನೀರುದೋಸೆ ತಿಂದರು ಅಂತ ಬರೆದರೂ ನೀವು ರುಜು ಹಾಕ್ತೀರಿ.” ಅವರು ಕನ್ನಡಕದ ಮೇಲಿನಿಂದ ನೋಡಿ ನಕ್ಕರು. “ಇಸವಿ ಸರಿ ಇರಲಿ ಟೀಚರೇ. ತಿಂಡಿ ಯಾವುದಾದರೂ ಇರಲಿ.”

ಒಳ್ಳೆಯ ಮನುಷ್ಯ. ಮೋಸ ಮಾಡಲು ಬಹಳ ಸುಲಭ.

ಜನವರಿಯಲ್ಲಿ ಹದಿನಾಲ್ಕನೇ ಪಾಠಕ್ಕೆ ಬಂದೆ. ಯುದ್ಧಕಾಲದ ಪಾಠ. ಮಲಯಾಳದ ಪುಸ್ತಕ ಬರೆದವರು ಚೇರ್ತಲೆಯ ಒಬ್ಬ ನಿವೃತ್ತ ಮೇಷ್ಟ್ರು, ಕುರ್ಯನ್ ಮಾಷ್. ಪುಸ್ತಕವಿಡೀ ರಾಜರು, ಕೋಟೆಗಳು, ಕಾಲುವೆಗಳು ಎಂದು ನಿದ್ದೆ ಬರುವ ಹಾಗೆ ಬರೆದ ಆ ಮಹಾನುಭಾವರು ಈ ಪಾಠದ ಮೂರನೇ ಪ್ಯಾರಾದಲ್ಲಿ ಮಾತ್ರ ಬೇರೆಯೇ ಮನುಷ್ಯರಾಗಿದ್ದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದ್ದು ಹೀಗೆ:

“೧೯೪೩ರಲ್ಲಿ ಬರ್ಮಾದ ಅಕ್ಕಿ ನಿಂತುಹೋಗಿ ನಮ್ಮ ಕರಾವಳಿಯಲ್ಲಿ ಜನ ಹಸಿವಿನಿಂದ ಸತ್ತರು. ನಾರು ಹೊಸೆಯುವವರು, ಮೀನು ಹಿಡಿಯುವವರು ಮೊದಲು ಪಾತ್ರೆ ಮಾರಿ ತಿಂದರು. ಆಮೇಲೆ ಮನೆಯ ಬಾಗಿಲು ಮಾರಿ ತಿಂದರು. ಆಮೇಲೆ ಮಾರಲು ಏನೂ ಉಳಿಯದೆ ಊರು ಬಿಟ್ಟು ನಡೆದರು. ಹಸಿವಿನ ಬೆನ್ನಿಗೇ ಕಾಲರಾ ಬಂತು. ಊರೂರಲ್ಲಿ ಸಾವಿರಾರು ಮಂದಿ ಸತ್ತರು. ಅವರಲ್ಲಿ ಮಕ್ಕಳೇ ಹೆಚ್ಚು.”

ಅದನ್ನು ಬರೆದ ದಿನ ನನಗೆ ಊಟ ಸೇರಲಿಲ್ಲ. ಯಾಕೆಂದು ಹೇಳಬೇಕಾದರೆ ನಮ್ಮ ಮನೆಯ ಒಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಅದನ್ನು ಯಾರೂ ಪೂರ್ತಿ ಹೇಳುವುದಿಲ್ಲ.

ನನ್ನ ಅಣ್ಣ ಮಹಾಲಿಂಗ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಬ್ಯಾಂಕಿನ ಗುಮಾಸ್ತ. ನಲವತ್ತಮೂರರಲ್ಲಿ ಅವನ ಮನೆಯಲ್ಲಿ ನಾವು ಐದು ಜನ: ಅಣ್ಣ, ಸುಶೀಲ ಅತ್ತಿಗೆ, ಅವರ ನಾಲ್ಕು ವರ್ಷದ ಮಗ ವಿಠಲ, ಅಮ್ಮ, ಮತ್ತು ಟ್ರೈನಿಂಗ್ ಶಾಲೆಗೆ ಹೋಗುತ್ತಿದ್ದ ಹತ್ತೊಂಬತ್ತು ವರ್ಷದ ನಾನು. ಆ ಮಳೆಗಾಲ ತೆಂಕಣದಿಂದ ಜನ ಬರುತ್ತಲೇ ಇದ್ದರು. ದೋಣಿಕಟ್ಟೆಯ ಹತ್ತಿರ ಗೋದಾಮುಗಳ ಜಗಲಿಯಲ್ಲಿ ಸಾಲಾಗಿ ಮಲಗುತ್ತಿದ್ದರು. ಬೆಳಗಾದರೆ ಕೆಲವರು ಏಳುತ್ತಿರಲಿಲ್ಲ. ಮುನಿಸಿಪಾಲಿಟಿಯ ಗಾಡಿ ಬಂದು ಒಯ್ಯುವುದನ್ನು ನಾನು ಶಾಲೆಗೆ ಹೋಗುವ ದಾರಿಯಲ್ಲಿ ಕಂಡಿದ್ದೇನೆ. ಕಂಡು, ಕೊಡೆ ಅಡ್ಡ ಹಿಡಿದು ದಾಟಿದ್ದೇನೆ.

ಒಂದು ದಿನ ನಮ್ಮ ಹಿತ್ತಲ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಸೊಂಟದಲ್ಲಿ ಒಂದು ಮಗು. ನಮ್ಮಂಥ ಮನೆಗಳಲ್ಲಿ ಅಂಥವರಿಗೆ ಕೊಡುವುದಕ್ಕೊಂದು ಕ್ರಮವಿತ್ತು: ಅವರ ಪಾತ್ರೆಗೆ ಮೇಲಿನಿಂದ ಸುರಿಯುವುದು, ನಮ್ಮ ಪಾತ್ರೆ ಅವರಿಗೆ ಕೊಡುವುದಿಲ್ಲ. ಆದರೆ ಅವಳ ಹತ್ತಿರ ಪಾತ್ರೆಯೇ ಇರಲಿಲ್ಲ. ಅತ್ತಿಗೆ ಒಳಗಿನ ಕಂಚಿನ ಬಟ್ಟಲಲ್ಲಿ ಗಂಜಿ ಕೊಟ್ಟರು. ಅವಳು ಮಗುವಿಗೆ ಕುಡಿಸಿ ತಾನೂ ಕುಡಿದ ಮೇಲೆ ಅತ್ತಿಗೆ ಆ ಬಟ್ಟಲನ್ನು ಬೂದಿ ಹಾಕಿ ತಿಕ್ಕಿ ತೊಳೆದು ಒಳಗೆ ತಂದಿಟ್ಟರು. ಅಮ್ಮ ನೋಡಿದಳು.

ನಾಲ್ಕನೇ ದಿನ ವಿಠಲನಿಗೆ ವಾಂತಿ ಭೇದಿ ಹಿಡಿಯಿತು. ಮರುದಿನ ಮಧ್ಯಾಹ್ನಕ್ಕೆ ಮಗು ಹೋಯಿತು.

ಹೆಣ ಚಾವಡಿಯಲ್ಲಿ ಇರುವಾಗಲೇ ಅಮ್ಮ ಅತ್ತಿಗೆಯ ಮುಂದೆ ನಿಂತು ಹೇಳಿದಳು: “ಆ ಬಟ್ಟಲು ತೊಳೆದ ಕೈಯಲ್ಲೇ ಮಗುವಿಗೆ ತುತ್ತು ಹಾಕಿದ್ದಲ್ವಾ? ಕಾಲರಾ ಅಲ್ಲ ಕೊಂದದ್ದು. ನಿನ್ನ ಕೈ.”

ಐವತ್ತೈದರಲ್ಲಿ ಸಾಯುವವರೆಗೂ ಅಮ್ಮ ಆ ಮಾತನ್ನು ಬಿಡಲಿಲ್ಲ. ಜಗಳವಾಡಿ ಹೇಳಿದ್ದಲ್ಲ. ಬಂದವರಿಗೆ ಕಾಫಿ ಕೊಡುತ್ತ, ತಾನಾಗಿ ಹೇಳುವಳು: “ನಮ್ಮ ಸುಶೀಲನಿಗೆ ಧರ್ಮಬುದ್ಧಿ ಜಾಸ್ತಿ. ಮಗನನ್ನೇ ದಾನ ಕೊಟ್ಟದ್ದು.” ಅತ್ತಿಗೆ ತಲೆ ಬಗ್ಗಿಸಿ ನಿಲ್ಲುವರು. ಅಣ್ಣ ಪೇಪರು ಓದುತ್ತಿರುವನು. ನಾನು? ನಾನು ಇಷ್ಟೆಲ್ಲ ಬಾಯಿ ಇದ್ದವಳು, ಅಲ್ಲಿ ಮಾತ್ರ ಮೂಗಿ.

ಯಾಕೆಂದರೆ ಇನ್ನೊಂದು ವಿಷಯ ಇತ್ತು. ನೀರು ಕುದಿಸಿಯೇ ಕುಡಿಯಬೇಕೆಂದು ಮುನಿಸಿಪಾಲಿಟಿಯವರು ಡಂಗುರ ಹೊಡೆಸಿದ್ದರು. ಸೌದೆಗೂ ತತ್ವಾರ, ಇದ್ದದ್ದೂ ಹಸಿ. ಬೆಳಗ್ಗೆ ಒಂದು ಕೊಡ ಕುದಿಸಿಟ್ಟರೆ ದಿನವಿಡೀ ಅದೇ. ವಿಠಲ ಹುಷಾರು ತಪ್ಪುವುದಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ, ಅತ್ತಿಗೆ ಮಲಗಿದ್ದರು. ನಾನು ಪರೀಕ್ಷೆಗೆ ಓದುತ್ತಿದ್ದೆ. ಮಗು ಬಂದು ಸೆರಗು ಎಳೆದು ನೀರು ಕೇಳಿತು. ಕುದಿಸಿದ ಕೊಡ ಖಾಲಿ. ಒದ್ದೆ ಸೌದೆ ಊದುವವರು ಯಾರು? ಹಿತ್ತಲ ತೊಟ್ಟಿಯಿಂದ ಒಂದು ಲೋಟ ಅದ್ದಿ ಕೊಟ್ಟೆ. ಮಗು ಇನ್ನೂ ಬೇಕೆಂದಿತು. ಇನ್ನೊಂದು ಲೋಟ ಕೊಟ್ಟೆ. ಪುಸ್ತಕದಿಂದ ಕಣ್ಣು ತೆಗೆಯದೆ ಕೊಟ್ಟೆ.

ಬಟ್ಟಲೋ, ನೀರೋ, ನೊಣವೋ, ದೇವರೋ. ಯಾವುದೆಂದು ಯಾರಿಗೆ ಗೊತ್ತು? ಆದರೆ ನನ್ನ ಹೆಸರು ಬರಬಹುದಾದ ಜಾಗದಲ್ಲಿ ಅತ್ತಿಗೆಯ ಹೆಸರು ಮಾತ್ರ ಬಂತು, ಹದಿನೈದು ವರ್ಷ ಅದೇ ಉಳಿಯಿತು. ಅದು ನನಗೆ ಗೊತ್ತಿತ್ತು.

ಹಾಗಾಗಿ ಕುರ್ಯನ್ ಮಾಷ್ ಅವರ ಪ್ಯಾರಾ ಕಂಡಾಗ ನನಗೆ ಏನನ್ನಿಸಿತು ಹೇಳಲಾ? ಅಬ್ಬ, ಬದುಕಿದೆ, ಎನ್ನಿಸಿತು. ಇಡೀ ಕರಾವಳಿಗೆ ಬಂದ ಮಾರಿ ಅದು, ಒಬ್ಬರ ಕೈಯಿಂದ ಬಂದದ್ದಲ್ಲ ಎಂದು ಸರ್ಕಾರದ ಪುಸ್ತಕವೇ ಹೇಳುತ್ತದೆ. ಅದನ್ನು ತೋರಿಸಿ ಅತ್ತಿಗೆಯ ತಲೆಯ ಮೇಲಿನ ಹೊರೆ ಇಳಿಸಬಹುದು. ನಾನು ಬಾಯಿ ಬಿಡಬೇಕಾಗಿಯೇ ಇಲ್ಲ.

ಫೆಬ್ರವರಿಯಲ್ಲಿ ಒಂದು ಶನಿವಾರ ಎರ್ನಾಕುಲಂ ರೈಲು ಹತ್ತಿದೆ. ಕೊಲ್ಲದಿಂದ ಆಚೆ ಹಳಿ ಹೊಸದು, ಆಗಷ್ಟೇ ಶುರುವಾಗಿತ್ತು. ಎರ್ನಾಕುಲಂನಲ್ಲಿ ಇಳಿದು ಬೋಟಿನಲ್ಲಿ ಮಟ್ಟಾಂಚೇರಿಗೆ ಹೋದೆ. ಬಾಗಿಲು ತೆರೆದದ್ದು ವಸಂತಿ. ಅಣ್ಣನ ಮಗಳು, ವಿಠಲ ಹೋಗಿ ಮೂರು ವರ್ಷಕ್ಕೆ ಹುಟ್ಟಿದವಳು, ಆಗ ಹನ್ನೆರಡು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ.

ಅತ್ತಿಗೆ ಅಡುಗೆಮನೆಯಲ್ಲಿ ಬಸಳೆ ಸೋಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು, ಇಂಥ ಪುಸ್ತಕ, ಇಂಥ ಪಾಠ, ಹೀಗೆ ಬರೆದಿದೆ ಎಂದೆ. ಅವರ ಕೈ ನಿಂತಿತು.

“ಆ ವರ್ಷದ್ದು ಉಂಟಾ ಅದರಲ್ಲಿ?”

“ಉಂಟು ಅತ್ತಿಗೆ. ಕಾಲರಾ ಬಂದದ್ದೂ ಉಂಟು. ಸಾವಿರಾರು ಮಂದಿ ಸತ್ತರು ಅಂತ ಉಂಟು.”

“ಸಾವಿರಾರು,” ಎಂದರು. “ನಾನು ನಮ್ಮ ಬೀದಿಯಲ್ಲಿ ಮಾತ್ರ ಅಂತ ಎಣಿಸಿದ್ದು. ನಮ್ಮ ಬೀದಿಯಲ್ಲಿ ನಮ್ಮ ಮನೆ ಒಂದರಲ್ಲೇ ಅಲ್ವಾ ಆದದ್ದು.” ಬಸಳೆಯ ತಟ್ಟೆ ಪಕ್ಕಕ್ಕೆ ಸರಿಸಿ ಮತ್ತೆ ಕೇಳಿದರು: “ಶಾಲೆಯಲ್ಲಿ ಮಕ್ಕಳು ಇದನ್ನು ಬಾಯಿಪಾಠ ಮಾಡ್ತಾರಾ?”

“ಪರೀಕ್ಷೆಗೆ ಬಂದ್ರೆ ಮಾಡ್ಲೇಬೇಕಲ್ಲ.”

“ಹಾಗಾದ್ರೆ ಸಾಕು ಮಾರಾಯ್ತಿ. ಒಂದು ಕ್ಲಾಸು ಮಕ್ಕಳು ಸೇರಿ ಹೇಳಿದ ಮೇಲೆ ಅತ್ತೆಯ ಮಾತು ಎಲ್ಲಿ ನಿಲ್ತದೆ?” ಸೆರಗಿನಿಂದ ಕಣ್ಣೊರೆಸಿಕೊಂಡರು. “ಅಚ್ಚಾದ ಕೂಡಲೇ ನಂಗೊಂದು ತಂದು ಕೊಡು. ಮರೀಬೇಡ. ನಾನು ಇವರಿಗೆ ತೋರಿಸ್ಬೇಕು.”

ಆ ರಾತ್ರಿಯ ಊಟಕ್ಕೆ ನನಗೆ ಪಾಯಸ ಮಾಡಿದರು. ನಾನು ತಿಂದೆ. ನಾಚಿಕೆಗೆಟ್ಟವಳು, ಎರಡು ಸಲ ಹಾಕಿಸಿಕೊಂಡೆ.

ಮಾರ್ಚಿನಲ್ಲಿ ಪಠ್ಯಪುಸ್ತಕ ಸಮಿತಿ ಕೂತಿತು. ಮಲಯಾಳದ ಪ್ರತಿ ತಿರುಗಿ ನನ್ನ ಮೇಜಿಗೆ ಬಂದಾಗ ಹದಿನಾಲ್ಕನೇ ಪಾಠದ ಮೂರನೇ ಪ್ಯಾರಾದ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿತ್ತು. ಪಟ್ಟಿಯ ಮೇಲೆ ಟೈಪು ಮಾಡಿದ ಹೊಸ ಪ್ಯಾರಾ: “೧೯೪೩ರಲ್ಲಿ ಯುದ್ಧದ ಕಾರಣ ಆಹಾರಧಾನ್ಯಗಳ ಕೊರತೆ ಉಂಟಾಯಿತು. ರೇಷನ್ ವ್ಯವಸ್ಥೆಯ ಮೂಲಕ ಸರ್ಕಾರವೂ ಜನರೂ ಕೂಡಿ ಅದನ್ನು ಧೈರ್ಯದಿಂದ ಎದುರಿಸಿದರು.” ಕೆಳಗೆ ಚಿತ್ರ ಹಾಕಲು ಜಾಗ. ರೇಷನ್ ಅಂಗಡಿಯ ಮುಂದೆ ಶಿಸ್ತಾಗಿ ನಿಂತ ಜನರ ಚಿತ್ರ.

ನಾನು ಎದ್ದು ಸೀದಾ ವಾರಿಯರ್ ಸಾರ್ ಮೇಜಿನ ಮುಂದೆ ನಿಂತೆ. “ಇದು ಯಾರು ಮಾಡಿದ್ದು ಸಾರ್?”

“ಸಮಿತಿ,” ಎಂದರು ಅವರು. “ಹನ್ನೆರಡು ವರ್ಷದ ಮಕ್ಕಳಿಗೆ ಹೆಣಗಳ ಪಾಠ ಯಾಕೆ ಅಂತ ಒಬ್ಬರು ಕೇಳಿದರಂತೆ. ಓದಿದ ಮಕ್ಕಳಿಗೆ ತಮ್ಮ ನಾಡಿನ ಬಗ್ಗೆ ಅಭಿಮಾನ ಹುಟ್ಟಬೇಕು ಅಂತ ಇನ್ನೊಬ್ಬರು ಹೇಳಿದರಂತೆ.”

“ಸತ್ತವರಲ್ಲಿ ಮಕ್ಕಳೇ ಹೆಚ್ಚಲ್ವಾ ಸಾರ್? ಅವರು ಸಾಯಬಹುದು, ಇವರು ಓದಬಾರದಾ?”

ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಟೀಚರೇ, ಕುರ್ಯನ್ ಮಾಷ್ ಇಲ್ಲಿ ಬಂದು ಇದೇ ಕುರ್ಚಿಯಲ್ಲಿ ಕೂತು ಅತ್ತು ಹೋಗಿದ್ದಾರೆ. ಅವರ ಕೈಯಲ್ಲೂ ಆಗಲಿಲ್ಲ. ನೀವು ತಾತ್ಕಾಲಿಕ. ಸುಮ್ಮನೆ ಬರೆದು ಕೊಡಿ.”

ಸುಮ್ಮನೆ ಇರುವುದರಲ್ಲಿ ನನಗೆ ಹದಿನೈದು ವರ್ಷದ ಅಭ್ಯಾಸ ಇತ್ತಲ್ಲ. ಮೇಜಿಗೆ ಹಿಂತಿರುಗಿದೆ. ಅತ್ತಿಗೆಗೆ ಏನು ಹೇಳುವುದು? ಇತ್ತು, ತೆಗೆದರು ಎನ್ನುವುದೇ? ಅದಕ್ಕಿಂತ ಮೊದಲೇ ಹೇಳದಿದ್ದರೆ ಒಳ್ಳೆಯದಿತ್ತು. ಪಟ್ಟಿಯ ಅಂಚು ಉಗುರಿನಲ್ಲಿ ಎಬ್ಬಿಸಿ ನೋಡಿದೆ. ಕೆಳಗೆ ಮಾಷ್ ಅವರ ಅಕ್ಷರ ಹಾಗೆಯೇ ಇತ್ತು.

ಆಗ ಹೊಳೆಯಿತು. ಪಟ್ಟಿಯಲ್ಲಿ ಒಂದು ಪ್ಯಾರಾ, ಕೆಳಗಿರುವುದೂ ಒಂದೇ ಪ್ಯಾರಾ. ಪಟ್ಟಿಯಲ್ಲಿ ಇರುವ ಅಂಕಿ ೧೯೪೩, ಕೆಳಗಿರುವುದೂ ಅದೇ. ವಾರಿಯರ್ ಸಾರ್‌ಗೆ ಇನ್ನೇನು ಬೇಕು?

ನನ್ನ ಹಳೆಯ ಅನುವಾದವನ್ನೇ ಶುದ್ಧಪ್ರತಿಗೆ ಇಳಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಅವರಲ್ಲಿ ಮಕ್ಕಳೇ ಹೆಚ್ಚು” ಎಂಬುದರ ಮುಂದೆ ಇನ್ನೊಂದು ವಾಕ್ಯ ಬರೆದೆ: “ಇದರಲ್ಲಿ ಯಾವ ತಾಯಿಯ ತಪ್ಪೂ ಇರಲಿಲ್ಲ.” ಚರಿತ್ರೆ ಪುಸ್ತಕದಲ್ಲಿ ಯಾರಾದರೂ ಹಾಗೆ ಬರೆಯುತ್ತಾರೆಯೇ? ಆದರೆ ಅದನ್ನು ಬರೆದು ಮುಗಿಸಿದಾಗ ನನ್ನ ಪಾಲಿನದು ತೀರಿತು ಎನ್ನಿಸಿತು. ಬಾಯಲ್ಲಿ ಹೇಳಲಾರದ್ದನ್ನು ಸರ್ಕಾರದ ಖರ್ಚಿನಲ್ಲಿ ಅಚ್ಚು ಹಾಕಿಸುವ ಜಾಣತನ ನನ್ನದು.

ಪರಿಶೀಲನೆಯ ದಿನ ವಾರಿಯರ್ ಸಾರ್ ಪೆನ್ಸಿಲು ಆ ಪುಟದಲ್ಲಿ ನಿಂತಿತು. ಪ್ಯಾರಾ ಎಣಿಸಿದರು. ಸರಿ. ಗಾಜಿನಡಿಯ ಚೀಟಿ ನೋಡಿ ಇಸವಿಗೆ ಗುರುತು ಹಾಕಿದರು. ಸರಿ. ಆಮೇಲೆ ಎಡಗಡೆ ನೋಡಿದರು, ಬಲಗಡೆ ನೋಡಿದರು.

“ಮಲಯಾಳದಲ್ಲಿ ಎರಡು ವಾಕ್ಯ ಟೀಚರೇ. ಕನ್ನಡಕ್ಕೆ ಇಷ್ಟು ಜಾಗ ಬೇಕಾ?”

“ಕನ್ನಡದಲ್ಲಿ ಸ್ವಲ್ಪ ಬಿಡಿಸಿ ಹೇಳ್ಬೇಕಾಗ್ತದೆ ಸಾರ್.”

ಅವರು ನನ್ನ ಮುಖ ನೋಡಿದರು. ಸುಮಾರು ಹೊತ್ತು ನೋಡಿದರು ಎಂದೇ ಈಗಲೂ ನನ್ನ ನೆನಪು. “ಶರಿ,” ಎಂದು ರುಜು ಹಾಕಿದರು.

ಜೂನಿನಲ್ಲಿ ಪುಸ್ತಕ ಬಂತು. ಕಟ್ಟುಗಳು ಕಾಸರಗೋಡಿಗೆ ಹೋದವು. ನನ್ನ ಕೈಗೆ ಬಂದ ಪ್ರತಿಯನ್ನು ಚೀಲದಲ್ಲಿ ಹಾಕಿಕೊಂಡು ನಾನು ಕೊಚ್ಚಿಗೆ ಹೋದೆ. ಭಾನುವಾರ ಮಧ್ಯಾಹ್ನ, ಮಳೆ ಹನಿಯುತ್ತಿತ್ತು. ಅತ್ತಿಗೆ ಕೈ ತೊಳೆದು ಒರೆಸಿಕೊಂಡು ಬಂದು ಪುಸ್ತಕ ತೆಗೆದುಕೊಂಡರು. ಚಾವಡಿಯ ಬೆಂಚಿನ ಮೇಲೆ ಕುಳಿತು, ಹಿಂದೆ ಕಾಸರಗೋಡಿನಲ್ಲಿ ಎಂಟನೇ ಕ್ಲಾಸು ಓದುತ್ತಿದ್ದಾಗಿನ ಹಾಗೆಯೇ, ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಒಂದು ಸಲ ಓದಿದರು. ಎರಡನೇ ಸಲ ಓದುವಾಗ “ಯಾವ ತಾಯಿಯ ತಪ್ಪೂ” ಎಂಬಲ್ಲಿ ದನಿ ಒಡೆಯಿತು.

ಅಣ್ಣ ಎದುರಿನ ಕುರ್ಚಿಯಲ್ಲಿ ಪೇಪರು ಹಿಡಿದು ಕುಳಿತಿದ್ದ.

“ಕೇಳಿತಾ ನಿಮಗೆ?” ಎಂದರು ಅತ್ತಿಗೆ. “ಎಲ್ಲ ಕಡೆಗೆ ಬಂದದ್ದಂತೆ. ಸಾವಿರಾರು ಮನೆಗೆ. ಸರ್ಕಾರದ ಪುಸ್ತಕ ಇದು, ನಾನು ಹೇಳುದಲ್ಲ.”

“ಹ್ಞೂಂ, ಕೇಳಿತು,” ಎಂದ ಅಣ್ಣ. ಪೇಪರು ಮಡಚಿಟ್ಟ. “ನಾನು ಬೋಟುಜೆಟ್ಟಿಯ ಕಡೆ ಹೋಗಿ ಬರ್ತೇನೆ.” ಕೊಡೆ ತೆಗೆದುಕೊಂಡು ನಡೆದ. ಆ ಮಳೆಯಲ್ಲಿ ಜೆಟ್ಟಿಯ ಹತ್ತಿರ ಅವನಿಗೆಂಥ ಕೆಲಸ ಎಂದು ಅತ್ತಿಗೆ ಕೇಳಲಿಲ್ಲ. ಅವರಿಗೆ ಅಷ್ಟು ಸಂತೋಷವಾಗಿತ್ತು.

ವಸಂತಿ ಅಮ್ಮನ ಹೆಗಲ ಮೇಲಿಂದ ಬಗ್ಗಿ ಚಿತ್ರ ನೋಡುತ್ತಿದ್ದಳು. “ಇದು ಎಂಡೆ ಪುಸ್ತಗಮಲ್ಲೇ!” ಇದು ತನ್ನದೇ ಪುಸ್ತಕವಲ್ಲವೇ ಎಂದು ಒಳಗೆ ಓಡಿ ತನ್ನ ಶಾಲೆಯ ಪುಸ್ತಕ ತಂದಳು. ಅವಳೂ ಏಳನೇ ಕ್ಲಾಸಲ್ಲವೇ. ನನಗೆ ಅದು ಹೊಳೆದೇ ಇರಲಿಲ್ಲ. ಪ್ಯಾರಾ, ಅಂಕಿ, ರುಜು ಎಲ್ಲ ಲೆಕ್ಕ ಹಾಕಿದವಳು, ನಮ್ಮ ಮನೆಯಲ್ಲೇ ಒಂದು ಮಲಯಾಳದ ಪ್ರತಿ ಇರುತ್ತದೆಂದು ಮರೆತಿದ್ದೆ. ಅದೇ ಪುಟ ತೆರೆದಳು. ಅದೇ ಚಿತ್ರ, ರೇಷನ್ ಅಂಗಡಿಯ ಮುಂದೆ ಅದೇ ಶಿಸ್ತಿನ ಸಾಲು. ಮೇಲಿನ ಎರಡು ವಾಕ್ಯ ಓದಿ ಹೇಳಿದಳು: ತನ್ನ ಪುಸ್ತಕದಲ್ಲಿ ಸತ್ತವರೂ ಇಲ್ಲ, ಕಾಲರಾವೂ ಇಲ್ಲ, ಅಮ್ಮಂದಿರೂ ಇಲ್ಲ.

“ಆಟಕ್ಕೆ ಹೋಗು ನೀನು,” ಎಂದೆ ನಾನು, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಅವಳು ಮುಖ ಊದಿಸಿಕೊಂಡು ಪಕ್ಕದ ಮನೆಗೆ ಹೋದಳು.

ಅತ್ತಿಗೆ ಎರಡು ಪುಸ್ತಕಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. “ಇದರಲ್ಲಿ ಯಾವುದು ಸತ್ಯ? ಎರಡೂ ಅಚ್ಚಾದದ್ದೇ ಅಲ್ವಾ?”

“ಕನ್ನಡದ್ದು ಸತ್ಯ ಅತ್ತಿಗೆ. ಮಾಷ್ ಬರೆದದ್ದು ಅದೇ. ಆಮೇಲೆ ತೆಗೆಸಿದ್ರು. ನಾನು ಕನ್ನಡದಲ್ಲಿ ಉಳಿಸಿದ್ದು.”

“ಎಲ್ಲವೂ ಮಾಷ್ ಬರೆದದ್ದಾ?” ಅವರ ಬೆರಳು ಕೊನೆಯ ವಾಕ್ಯದ ಮೇಲಿತ್ತು.

“ಅದೊಂದು ನನ್ನದು.”

ಬೈಯುತ್ತಾರೆಂದುಕೊಂಡೆ. ಅಯ್ಯೋ ಇಷ್ಟೇನಾ ಎಂದು ಪುಸ್ತಕ ಬಿಸಾಡುತ್ತಾರೆಂದುಕೊಂಡೆ. ಅತ್ತಿಗೆ ಪುಸ್ತಕ ಪಕ್ಕಕ್ಕಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು.

“ಗೊತ್ತಾದ್ರೆ ನಿನ್ನ ಕೆಲಸ ಹೋಗ್ತದಲ್ವಾ? ಯಾಕೆ ಮಾಡಿದ್ದು ಮಾರಾಯ್ತಿ? ನಂಗೋಸ್ಕರವಾ?” ಅವರ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. “ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ನನ್ನ ಪರವಾಗಿ ಒಬ್ರು ಒಂದು ಮಾತು ಆಡಿದ್ದಿಲ್ಲ. ನೀನಾದ್ರೂ ಆಡಿದೆಯಲ್ಲ. ಅಚ್ಚು ಹಾಕಿಸಿ ಆಡಿದೆಯಲ್ಲ. ಮಗಳಾದವಳೂ ಹೀಗೆ ಮಾಡ್ಲಿಕ್ಕಿಲ್ಲ.”

ಬೈದಿದ್ದರೆ ನಾನು ತಿರುಗಿ ಬೈದು ಗೆಲ್ಲುತ್ತಿದ್ದೆ. ಆ ಕೈಗಳು ನನ್ನ ಕೈಗಳನ್ನು ಬಿಡುತ್ತಿರಲಿಲ್ಲ. ಎಷ್ಟು ಒರಟಾದ ಕೈ ಅವರದು.

“ಅತ್ತಿಗೆ, ಅವನಿಗೆ ನೀರು ಕೊಟ್ಟದ್ದು ನಾನು,” ಎಂದೆ.

“ಯಾರಿಗೆ?”

“ವಿಠಲನಿಗೆ. ಕುದಿಸದ ನೀರು. ಕೊಡ ಖಾಲಿಯಾಗಿತ್ತು. ನೀವು ಮಲಗಿದ್ರಿ. ತೊಟ್ಟಿಯಿಂದ ಎರಡು ಲೋಟ ಕೊಟ್ಟೆ. ಅದಾಗಿ ಎರಡು ದಿನಕ್ಕೆ ಶುರುವಾದದ್ದು.” ನಿಲ್ಲಿಸಿದರೆ ಮತ್ತೆ ಆಗಲಿಕ್ಕಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. “ಬಟ್ಟಲಿನಿಂದಲೇ ಬಂತೋ ನೀರಿನಿಂದ ಬಂತೋ ನಂಗೆ ಗೊತ್ತಿಲ್ಲ. ಆದ್ರೆ ನಾನು ಹೇಳ್ಬೇಕಿತ್ತು. ನಾನು ಹೇಳ್ಲಿಲ್ಲ.”

ಅತ್ತಿಗೆಯ ಕೈ ಸಡಿಲಿತು. ನನ್ನ ಕೈ ತನ್ನಷ್ಟಕ್ಕೆ ಜಾರಿ ನನ್ನ ಮಡಿಲಿಗೆ ಬಿತ್ತು. ಮಳೆ ಜೋರಾಗಿ ಹಂಚಿನ ಮೇಲೆ ಬೀಳುತ್ತಿತ್ತು.

ಅತ್ತಿಗೆ ಕೇಳಿದರು: “ಅತ್ತೆಗೆ ಗೊತ್ತಿತ್ತಾ?”

ಸುಳ್ಳು ಹೇಳಬಹುದಿತ್ತು. ಸತ್ತವಳನ್ನು ಬಿಟ್ಟುಬಿಡಬಹುದಿತ್ತು. “ಮಗುವಿಗೆ ವಾಂತಿ ಶುರುವಾದ ಸಂಜೆಯೇ ಹೇಳಿದ್ದೆ. ಬಾಯಿ ಮುಚ್ಚು, ನಿನಗಿನ್ನೂ ಮದುವೆ ಆಗ್ಬೇಕು ಅಂದ್ಲು.”

ಯಾವ ಮದುವೆಗೆಂದು ಬಾಯಿ ಮುಚ್ಚಿಸಿದಳೋ ಆ ಮದುವೆಯೂ ಆಗಲಿಲ್ಲ. ಅದನ್ನು ಅತ್ತಿಗೆಗೆ ಹೇಳಬೇಕಾಗಿರಲಿಲ್ಲ, ಅವರು ಕಂಡದ್ದೇ.

“ಇವರಿಗೆ?”

ನಾನು ನೆಲ ನೋಡಿದೆ.

“ಸೌದಾಮಿನಿ, ಇವರಿಗೆ ಗೊತ್ತಿತ್ತಾ ಕೇಳಿದ್ದು.”

“ಅಣ್ಣ ಆಗ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡ.”

ಅತ್ತಿಗೆ ಅಳಲಿಲ್ಲ. ಅಷ್ಟು ಹೊತ್ತು ಸುರಿಯುತ್ತಿದ್ದ ಕಣ್ಣು ಒಣಗಿಹೋಗಿತ್ತು. ತಮ್ಮ ಬಲಗೈಯನ್ನು ತಿರುಗಿಸಿ, ಅಂಗೈ ನೋಡಿದರು.

“ವಸಂತಿ ಹುಟ್ಟಿದ ಮೇಲೆ ಒಂದು ದಿನವೂ ನಾನು ಅವಳಿಗೆ ಈ ಕೈಯಲ್ಲಿ ತುತ್ತು ಹಾಕಿದ್ದಿಲ್ಲ, ಗೊತ್ತುಂಟಾ ನಿಂಗೆ?” ಎಂದರು. “ಕಲಸಿ ಕೊಡ್ತಿದ್ದೆ, ಸೌಟಿನಲ್ಲಿ. ತಿನ್ನಿಸುದು ಅತ್ತೆ. ಮಗು ನನ್ನ ಹತ್ತಿರ ಬಾಯಿ ತೆರೆದುಕೊಂಡು ಬರ್ತಿತ್ತು. ನಾನು ಏಳುದು, ಹಿತ್ತಲಿಗೆ ಹೋಗುದು. ಈ ಕೈ ಇದನ್ನೂ ಕೊಂದ್ರೆ ಅಂತ ಹೆದರಿಕೆ. ಅತ್ತೆ ಹೇಳಿದ್ದಲ್ಲ ಅದು. ನಾನೇ ನಂಬಿದ್ದು. ನೀವು ಮೂರು ಜನ ನೋಡ್ತಾ ಇದ್ರಿ.”

ಹೌದು, ನೋಡಿದ್ದೆ. ಅಮ್ಮ ವಸಂತಿಯನ್ನು ಮಡಿಲಲ್ಲಿ ಕೂರಿಸಿಕೊಂಡು ತಿನ್ನಿಸುವುದನ್ನು ಎಷ್ಟೋ ಸಲ ನೋಡಿದ್ದೆ. ಅಜ್ಜಿಗೆ ಮೊಮ್ಮಗಳ ಮೇಲೆ ಪ್ರೀತಿ ಎಂದುಕೊಂಡಿದ್ದೆ. ಅತ್ತಿಗೆಗೆ ಮಗಳೆಂದರೆ ಅಷ್ಟಕ್ಕಷ್ಟೇ ಎಂದು ಒಬ್ಬಿಬ್ಬರ ಹತ್ತಿರ ಆಡಿಯೂ ಇದ್ದೆ. ನನ್ನ ನಾಲಗೆಗೆ ಅದಕ್ಕೇನೂ ಬೀಗ ಇರಲಿಲ್ಲ.

“ಅತ್ತಿಗೆ, ನನ್ನನ್ನು ಏನು ಬೇಕಾದ್ರೂ ಅನ್ನಿ,” ಎಂದೆ. ಅಳು ಬಂತು. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಅವರು ಎದ್ದು ಎರಡು ಪುಸ್ತಕಗಳನ್ನೂ ಒಂದರ ಮೇಲೊಂದು ಕಪಾಟಿನಲ್ಲಿಟ್ಟು ಅಡುಗೆಮನೆಗೆ ಹೋದರು.

ದೀಪ ಹಚ್ಚುವ ಹೊತ್ತಿಗೆ ವಸಂತಿ ಹಸಿವು ಹಸಿವು ಎನ್ನುತ್ತ ಬಂದಳು. ಅತ್ತಿಗೆ ಅವಳಿಗೆ ಮಣೆ ಹಾಕಿ, ಒಂದು ತಟ್ಟೆಯಲ್ಲಿ ಅನ್ನ ಮೊಸರು ಹಾಕಿದರು. ಕೈ ತೊಳೆದರು. ಮತ್ತೊಮ್ಮೆ ತೊಳೆದರು. ತಟ್ಟೆಯ ಮುಂದೆ ತಾವೇ ಕುಳಿತು, ಬೆರಳ ತುದಿಯಿಂದ, ಮೊದಲ ಸಲ ಕಲಿಯುವವರ ಹಾಗೆ ಅನ್ನ ಕಲಸಿ, ಒಂದು ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

ವಸಂತಿ ಅಮ್ಮನ ಮುಖ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ನಗು ತಡೆಯಲಾರದೆ ಹಿಂದಕ್ಕೆ ಸರಿದಳು.

“ಞಾನ್ ಕೊಚ್ಚು ಕುಟ್ಟಿಯಾಣೋ ಅಮ್ಮೇ?” ತಾನೇನು ಚಿಕ್ಕ ಮಗುವೇ ಎಂದು ಕೇಳುತ್ತ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ತಾನೇ ಕಲಸಿ ತಿನ್ನತೊಡಗಿದಳು. ಶಾಲೆಯಲ್ಲಿ ನಾಳೆ ಏನೋ ಪರೀಕ್ಷೆ ಇದೆಯೆಂದು ಬಾಯಿ ತುಂಬ ಅನ್ನ ಇಟ್ಟುಕೊಂಡೇ ಹೇಳುತ್ತಿದ್ದಳು.

ಅತ್ತಿಗೆ ಆ ತುತ್ತನ್ನು ಹಿಡಿದುಕೊಂಡೇ ಅವಳು ಉಂಡು ಮುಗಿಸುವವರೆಗೂ ಪಕ್ಕದಲ್ಲಿ ಕುಳಿತಿದ್ದರು.